ಜುಟ್ಟಿಗೆ ಮಲ್ಲಿಗೆ, ಬಾಗಿಲಿಗೆ ಕಸ

"ಹಬ್ಬ ಅಂತಿದಾರಲ್ಲ, ಸ್ಕೂಲಿಗೆ ರಜಾ ಇದೆಯಾ?" ಎಂದು ಎದುರು ಮನೆ ಅಜ್ಜಿ ಕೇಳಿದರು. ಅಜ್ಜಿಗೆ ಎಂಬತ್ತು ದಾಟಿದೆ, ಪಂಚಾಂಗ ಬಾಯಿಪಾಠ. ದೀಪಾವಳಿ ಮುಗೀತು, ತುಳಸಿ ಹಬ್ಬ ಇನ್ನೂ ಬಂದಿಲ್ಲ. ನಡುವೆ ಇದ್ಯಾವುದು ನುಸುಳಿತು ಅಂತ ಅವರಿಗೆ ತಲೆಬಿಸಿ. ಟಿವಿಯಲ್ಲಿ ಬೆಳಗ್ಗೆಯಿಂದ ಒಂದೇ ಸಾಲು ಓಡುತ್ತಿತ್ತು: 'ಕಸ ಸುರಿಯುವ ಹಬ್ಬ'.

"ರಜಾ ಇಲ್ಲ ಅಜ್ಜಿ. ಪ್ರಸಾದ ಮಾತ್ರ ಮನೆಗೇ ಬರುತ್ತೆ" ಅಂದೆ.

ವಿಷಯ ನಿಮಗೆ ಗೊತ್ತೇ ಇದೆ. 2025ರ ಅಕ್ಟೋಬರ್ 30, ರಾಜ್ಯೋತ್ಸವಕ್ಕೆ ಎರಡೇ ದಿನ ಬಾಕಿ. ಬೆಂಗಳೂರಿನಲ್ಲಿ ರಸ್ತೆ ಬದಿ ಕಸ ಎಸೆದವರನ್ನು ನಗರದ ಕಸ ನಿರ್ವಹಣಾ ಸಂಸ್ಥೆಯ ಮಾರ್ಷಲ್‌ಗಳು ವಿಡಿಯೊ ಮಾಡಿಕೊಂಡರು, ಮನೆ ಹುಡುಕಿದರು, ಗಾಡಿಯಲ್ಲಿ ಕಸ ತಂದು ಅವರ ಬಾಗಿಲ ಮುಂದೆಯೇ ಸುರಿದರು. ಮೇಲೆ ದಂಡ ಬೇರೆ, 2,000ದಿಂದ 10,000 ರೂಪಾಯಿವರೆಗೆ. ಮೊದಲ ದಿನವೇ ಇನ್ನೂರಕ್ಕೂ ಜಾಸ್ತಿ ಮನೆಗಳಲ್ಲಿ ಹಬ್ಬ ನಡೆಯಿತು. ಎಸೆಯುವವರ ವಿಡಿಯೊ ಕಳಿಸಿದರೆ 250 ರೂಪಾಯಿ ಬಹುಮಾನ ಅಂತಲೂ ಘೋಷಣೆಯಾಯಿತು.

ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ನಮ್ಮ ಬೀದಿ ಮೂಲೆಗೆ ದಿನಾ ಬೆಳಗ್ಗೆ ಆರಕ್ಕೆ ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ. ಕಾಲ ಹತ್ತಿರ ಕಪ್ಪು ಕವರ್. ಗಾಡಿ ನಿಲ್ಲಿಸುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತಾನೆ, ಎಡಗೈಯಲ್ಲಿ ಕವರ್ ಎತ್ತಿ ಬಿಸಾಕುತ್ತಾನೆ. ಬೌಲಿಂಗ್ ಕೋಚ್ ನೋಡಿದರೆ ಕರೆದು ಕೆಲಸ ಕೊಡಬೇಕು, ಅಂಥ ಗುರಿ. ಈ ಮನುಷ್ಯ ಇಡೀ ದಿನ ಹೆಲ್ಮೆಟ್ ಇಲ್ಲದೆ ಏರಿಯಾ ಸುತ್ತುತ್ತಾನೆ. ಕಸ ಎಸೆಯುವುದಕ್ಕೆ ಮಾತ್ರ ಹೆಲ್ಮೆಟ್ ಹಾಕಿ, ಗಾಜು ಪೂರ್ತಿ ಇಳಿಸಿಕೊಂಡು ಬರುತ್ತಾನೆ. ತಲೆ ಒಡೆದರೂ ಪರವಾಗಿಲ್ಲ, ಮುಖ ಕಾಣಬಾರದು. ಅವನ ಬಾಗಿಲಿಗೆ ಹಬ್ಬ ಹೋದರೆ ಅವತ್ತು ಪಾಯಸ ಮಾಡಿಸುತ್ತೇನೆ.

ಆಡಳಿತವನ್ನೂ ಹೊಗಳಲೇಬೇಕು. ಈ ಊರಿನಲ್ಲಿ ಏನೂ ಕೆಲಸ ಆಗಲ್ಲ ಅನ್ನುವವರು ಇನ್ನು ಬಾಯಿ ಮುಚ್ಚಿಕೊಳ್ಳಲಿ. ಲಕ್ಷಾಂತರ ಮನೆಗಳ ನಡುವೆ ಸರಿಯಾದ ಮನೆ ಹುಡುಕಿ, ಗಾಡಿ ಹೊಂದಿಸಿ, ಸರಕು ತುಂಬಿಸಿ, ಅದೇ ದಿನ ಬಾಗಿಲಿಗೆ ತಲುಪಿಸಿದ್ದಾರೆ. ಅರ್ಜಿ ಇಲ್ಲ, ನಮೂನೆ ಇಲ್ಲ, 'ಸರ್ವರ್ ಡೌನ್ ಇದೆ, ಸೋಮವಾರ ಬನ್ನಿ' ಇಲ್ಲ. ಇ-ಖಾತಾಕ್ಕೆ ಹಳೆ ಕ್ರಯಪತ್ರ, ಹೊಸ ಕರೆಂಟ್ ಬಿಲ್, ಎಲ್ಲ ಜೋಡಿಸಿ ಕಾದು ಕುಳಿತವರು ಒಂದು ಕವರ್ ಕಸ ಎಸೆದು ನೋಡಬಹುದು. ಅವರ ವಿಳಾಸ ಸರ್ಕಾರಕ್ಕೆ ಅವತ್ತೇ ಖಾತ್ರಿಯಾಗುತ್ತದೆ.

ಕಸ ಅಂದಾಗ ಏಪ್ರಿಲ್ ನೆನಪಾಯಿತು. ಏಪ್ರಿಲ್ ಅಂದರೆ ಆಸ್ತಿ ತೆರಿಗೆ. ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ನಾನೂ ಕಟ್ಟಿ, ನಾನೂರು ಚಿಲ್ಲರೆ ಉಳಿಸಿದೆ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಹೆಂಡತಿ ರಸೀದಿ ತೆಗೆದುಕೊಂಡು ಬೆರಳಿಟ್ಟು ತೋರಿಸಿದಳು. ಕಸ ನಿರ್ವಹಣೆಯ ಬಳಕೆದಾರರ ಶುಲ್ಕ, ವರ್ಷಕ್ಕೆ 1,200. ಕಸದ ಸೆಸ್ ಮೊದಲಿಂದಲೂ ಇತ್ತು. ಅದು ಹಾಗೇ ಇದೆ, ಇದು ಅದರ ತಮ್ಮ. ಅಣ್ಣ ತಮ್ಮ ಇಬ್ಬರೂ ಒಂದೇ ಮನೆಯಲ್ಲಿ ಊಟ ಮಾಡ್ತಾರೆ.

ಈ ಶುಲ್ಕದ ಲೆಕ್ಕ ಮಾಡಿದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ. ಕಸವನ್ನು ತೂಕದಲ್ಲಿ ಅಳೆಯಲಿಲ್ಲ, ಬುಟ್ಟಿಯಲ್ಲಿ ಅಳೆಯಲಿಲ್ಲ, ಚದರಡಿಯಲ್ಲಿ ಅಳೆದರು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ. 1,000ದವರೆಗೆ 50. 2,000ದವರೆಗೆ 100. ಹೀಗೇ ಏರುತ್ತಾ 4,000 ದಾಟಿದರೆ 400. ಎದುರು ಮನೆ ಅಜ್ಜಿಯದು ಹಳೇ ಕಾಲದ ದೊಡ್ಡ ಮನೆ. ಮಕ್ಕಳು ಒಬ್ಬ ಡಲ್ಲಾಸಿನಲ್ಲಿ, ಒಬ್ಬಳು ಪುಣೆಯಲ್ಲಿ. ಅಜ್ಜಿಯ ಕಸ ಅಂದರೆ ಎರಡು ದಿನಕ್ಕೊಮ್ಮೆ ಕಾಫಿ ಚರಟ, ಕರಿಬೇವಿನ ಕಡ್ಡಿ, ದೇವರ ಹೂವು. ಅದರಲ್ಲಿ ಹೂವು ತುಳಸಿ ಗಿಡದ ಬುಡಕ್ಕೆ ಹೋಗುತ್ತದೆ. ಅವರಿಗೆ ತಿಂಗಳಿಗೆ 150. ಹಿಂದಿನ ಬೀದಿಯ ಪುಟ್ಟ ಮನೆಯಲ್ಲಿ ನಾಲ್ಕು ಜನ ಬ್ರಹ್ಮಚಾರಿಗಳಿದ್ದಾರೆ. ಭಾನುವಾರ ಬಿರಿಯಾನಿ ಡಬ್ಬಿ, ಪಿಜ್ಜಾ ಪೆಟ್ಟಿಗೆ, ಮಿಕ್ಕದ್ದು ಹೇಳಬಾರದು, ಎಲ್ಲ ಸೇರಿದರೆ ಒಂದು ಆಟೋಗೆ ಸಾಕು. ಅವರಿಗೆ 10. ಆ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ. ನೆಲ ಅಳೆದು ಕಸ ಎಷ್ಟು ಅಂತ ಹೇಳುವ ವಿದ್ಯೆ ಎಲ್ಲಿ ಕಲಿಸ್ತಾರೆ ಅಂತ ಅಷ್ಟೇ ಕುತೂಹಲ. ಹೊಟ್ಟೆ ಸುತ್ತಳತೆ ನೋಡಿ ಹೋಟೆಲ್ ಬಿಲ್ ಕೊಟ್ಟ ಹಾಗಾಯ್ತು.

ರಸೀದಿ ಹೇಗೂ ಕೈಯಲ್ಲಿತ್ತಲ್ಲ, ಮಿಕ್ಕದ್ದೂ ಓದಿದೆ. ಓದಬಾರದಿತ್ತು. ತೆರಿಗೆಯ ಮೇಲೆ ಸೆಸ್ ಅಂತ ಒಂದು ಸಾಲು ಇರುತ್ತದೆ ನೋಡಿ. ಅದರ ಹೊಟ್ಟೆ ಬಗೆದರೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಈ ಮೂರೇ ಸೇರಿ 24. ಗ್ರಂಥಾಲಯದ್ದು 1965ರ ಕಾಯ್ದೆ, ಭಿಕ್ಷುಕರದ್ದು 1975ರದ್ದು. ಎರಡೂ ಒಳ್ಳೆ ಮನಸ್ಸಿನಿಂದ ಮಾಡಿದವೇ. ಮನೆ ಇರುವವನು ಮನೆ ಇಲ್ಲದವನಿಗೆ ರೂಪಾಯಿಗೆ ಮೂರು ಪೈಸೆ ಕೊಡಲಿ ಅಂದರೆ ತಪ್ಪೇನಿದೆ? ನಾನಂತೂ ಸಂತೋಷವಾಗಿ ಕೊಡ್ತೇನೆ. ಸಿಗ್ನಲ್‌ನಲ್ಲಿ ಯಾರಾದರೂ ಕಿಟಕಿ ತಟ್ಟಿದರೆ 'ನಾನು ಆಗಲೇ ಆನ್‌ಲೈನ್‌ನಲ್ಲಿ ಕಟ್ಟಿದ್ದೇನೆ ತಾಯಿ' ಅಂತ ರಸೀದಿ ತೋರಿಸುವ ಆಸೆಯೂ ಆಗಿದ್ದುಂಟು.

ತಮಾಷೆ ಇರೋದು ಆಮೇಲೆ. ಹೀಗೆ ಎತ್ತಿದ ಗ್ರಂಥಾಲಯದ ಸೆಸ್ಸನ್ನು ಪಾಲಿಕೆ ವರ್ಷಗಟ್ಟಲೆ ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡ ಸುದ್ದಿ ನೀವೂ ಎಷ್ಟೋ ಸಲ ಓದಿದ್ದೀರಿ. ನೂರಾರು ಕೋಟಿ. ಭಿಕ್ಷುಕರ ಸೆಸ್ಸಿನ ಕಥೆಯೂ ಅದೇ ಜಾಡು. ಅಂದರೆ ಭಿಕ್ಷುಕರ ಹೆಸರಲ್ಲಿ ನಮ್ಮಿಂದ ಎತ್ತಿದ ದುಡ್ಡಿಗಾಗಿ ಒಂದು ಇಲಾಖೆ ಇನ್ನೊಂದು ಕಚೇರಿಯ ಬಾಗಿಲಲ್ಲಿ ನಿಂತು 'ಸ್ವಾಮೀ, ಏನಾದ್ರೂ ಕೊಡಿ' ಅನ್ನಬೇಕು. 'ಮುಂದೆ ಹೋಗಪ್ಪಾ' ಅಂತ ಅನ್ನಿಸಿಕೊಂಡು ಬರಬೇಕು. ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಯಾರನ್ನು ಹಿಡಿಯಬೇಕು ಅನ್ನೋದೇ ಗೊತ್ತಾಗಲ್ಲ.

ಇಲ್ಲಿಗೆ ನಗು ನಿಲ್ಲಿಸಬೇಕು. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಇದೇ ಭಿಕ್ಷುಕರ ಸೆಸ್ಸಿನ ಹೆಸರಿನಲ್ಲಿ ನಡೆಯುವ ನಿರಾಶ್ರಿತರ ಕೇಂದ್ರ ಇದೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಜನ ಸಾಲುಸಾಲಾಗಿ ಸತ್ತರು. ವಾಂತಿ, ಭೇದಿ. ಕೆಲವೇ ದಿನಗಳಲ್ಲಿ ಎಷ್ಟೋ ಹೆಣ. ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಟ್ಟರು. ಒಂದಷ್ಟು ದಿನ ಎಲ್ಲರೂ ಮಾತಾಡಿದೆವು, ಮರೆತೆವು. ಆ ವರ್ಷವೂ ನಮ್ಮೆಲ್ಲರ ರಸೀದಿಯಲ್ಲಿ ಆ ಸೆಸ್ ಇತ್ತು. ನಾವೂ ಕಟ್ಟಿದ್ದೆವು, ರಿಯಾಯಿತಿ ಸಿಕ್ಕಿತಾ ಅಂತ ನೋಡಿದ್ದೆವು. ದುಡ್ಡು ಕೊಟ್ಟವರಿಗೆ ಲೆಕ್ಕ ಕೇಳುವ ಅಭ್ಯಾಸ ಇಲ್ಲ. ತೆಗೆದುಕೊಂಡವರಿಗೆ ಕೊಡುವ ಅಭ್ಯಾಸ ಇಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಲೆಕ್ಕ ಕೇಳೋಣ ಅಂದರೆ ಯಾರನ್ನು? ಪಾಲಿಕೆಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳದೇ ರಾಜ್ಯ. ಐದು ವರ್ಷ ಕಳೆದು ಹೋದವು. ಈ ನಡುವೆ ಕೆಲಸ ಏನೂ ನಡೆದಿಲ್ಲ ಅನ್ನಬೇಡಿ, ಎಣಿಕೆ ನಡೆದಿದೆ. 198 ವಾರ್ಡ್ ಇದ್ದದ್ದು 243 ಆಯಿತು. ಅದು ಜಾಸ್ತಿಯಾಯಿತು ಅಂತ 225ಕ್ಕೆ ಇಳಿಯಿತು. ಈಗ 369. ತರಕಾರಿ ಮಾರ್ಕೆಟ್ಟಿನಲ್ಲಿ ಇಷ್ಟು ಚೌಕಾಸಿ ಮಾಡಿದರೆ ಅಂಗಡಿಯವನು ಎದ್ದು ಹೊಡೆಯುತ್ತಾನೆ.

ನಮ್ಮ ಹಳೇ ಕಾರ್ಪೊರೇಟರ್ ನೆನಪಾಗ್ತಾರೆ. ಅವರೇನು ಸತ್ಯಹರಿಶ್ಚಂದ್ರರಲ್ಲ. ಕೊರಳಲ್ಲಿ ನಾಯಿ ಸರಪಳಿಯಷ್ಟು ದಪ್ಪ ಚೈನು, ಹುಟ್ಟುಹಬ್ಬಕ್ಕೆ ಬೀದಿ ತುಂಬ ಫ್ಲೆಕ್ಸು. ಆದರೆ ಬೆಳಗ್ಗೆ ಏಳಕ್ಕೆ ಮನೆ ಮುಂದೆ ಹೋಗಿ ನಿಂತರೆ ಬನಿಯನ್‌ನಲ್ಲೇ ಆಚೆ ಬರ್ತಿದ್ದರು. 'ಆಗುತ್ತೆ ಬಿಡಿ ಸಾರ್' ಅಂತ ಸುಳ್ಳು ಹೇಳ್ತಿದ್ದರು. ಮುಖ ನೋಡಿ ಸುಳ್ಳು ಹೇಳುವ ಒಬ್ಬ ಮನುಷ್ಯ ಇದ್ದ. ಈಗ ಅದಕ್ಕೂ ಆ್ಯಪ್. ದೂರು ಕೊಟ್ಟ ಮೂರನೇ ದಿನ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬರುತ್ತೆ. ಆಚೆ ಹೋಗಿ ನೋಡಿದರೆ ದೂರು ಹಾಗೇ ಮಲಗಿರುತ್ತೆ.

1949ರಲ್ಲಿ ಹಳೇ ಪೇಟೆ, ಬ್ರಿಟಿಷರ ದಂಡು ಪ್ರದೇಶ ಎರಡನ್ನೂ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಕಲಸಿ ದೊಡ್ಡ ಮುದ್ದೆ ಕಟ್ಟಿದರು. ಗಂಟಲಲ್ಲಿ ಇಳಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಉಂಡೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಮುಚ್ಚಳ ಇಟ್ಟರು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ಸಾರು ಎಲ್ಲಿ ಅಂತ ಮಾತ್ರ ಯಾರೂ ಹೇಳ್ತಿಲ್ಲ. ನಮ್ಮ ಬೀದಿ ಯಾವ ಉಂಡೆಗೆ ಸೇರಿದೆ ಅಂತ ಬೋರ್ಡ್ ನೋಡಿ ತಿಳಿದುಕೊಂಡೆವು. ಬೋರ್ಡ್ ಹೊಸದು, ಬಣ್ಣ ಚೆನ್ನಾಗಿದೆ. ಅದರ ಕೆಳಗಿನ ಚರಂಡಿ ಕಲ್ಲು ಹಳೇ ಪಾಲಿಕೆಯ ಕಾಲದಲ್ಲಿ ಎದ್ದದ್ದು ಹೊಸ ಪಾಲಿಕೆಯಲ್ಲೂ ಎದ್ದೇ ನಿಂತಿದೆ.

ಬಜೆಟ್ ಬಗ್ಗೆ ಜಾಸ್ತಿ ಹೇಳಲ್ಲ. ಹಳೇ ಪಾಲಿಕೆಯ ಕೊನೆಯ ಬಜೆಟ್ 2025ರ ಮಾರ್ಚ್ 29ರಂದು ಮಂಡನೆಯಾಯಿತು, 19,900 ಕೋಟಿಗೂ ಮೇಲೆ. ನಾವು ಆರಿಸಿದ ಒಬ್ಬನೇ ಒಬ್ಬ ಸದಸ್ಯ ಎದ್ದು 'ಇದ್ಯಾಕೆ ಇಷ್ಟು?' ಅನ್ನಲಿಲ್ಲ, ಯಾಕೆಂದರೆ ಸದಸ್ಯರೇ ಇರಲಿಲ್ಲ. ಅಷ್ಟರಲ್ಲಿ ಊರಿನ ಕನಸುಗಳು ಮೇಲಕ್ಕೂ ಕೆಳಕ್ಕೂ ಹೊರಟಿದ್ದವು. ಮೇಲಕ್ಕೆ ಹತ್ತಿ ಊರು ನೋಡೋಕೆ 250 ಮೀಟರ್ ಎತ್ತರದ ಗೋಪುರ, ಸ್ಕೈಡೆಕ್, 500 ಕೋಟಿ ಆಸುಪಾಸು. ಕೆಳಕ್ಕೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ, ಹತ್ತಿರ ಹತ್ತಿರ 17 ಕಿಲೋಮೀಟರ್, ಸಾವಿರಾರು ಕೋಟಿ. ಆಕಾಶ ಆಯ್ತು, ಪಾತಾಳ ಆಯ್ತು. ನಾವಿರುವ ಭೂಲೋಕಕ್ಕೆ ಫುಟ್‌ಪಾತ್ ಕೇಳಿದರೆ ಮಾತ್ರ ದುಡ್ಡಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಅಜ್ಜಿ ಹೇಳೋದು ಇದಕ್ಕೇ ಇರಬೇಕು. ಇಲ್ಲಿ ಜುಟ್ಟೇ 250 ಮೀಟರ್.

ದೇವರೇ ಇಳಿದು ಬಂದರೂ ಎರಡು ಮೂರು ವರ್ಷದಲ್ಲಿ ಬೆಂಗಳೂರನ್ನು ಬದಲಿಸೋಕೆ ಆಗಲ್ಲ ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2025ರ ಫೆಬ್ರುವರಿಯಲ್ಲಿ ಹೇಳಿದ್ದರು. ನಾನು ಅವರನ್ನು ತಪ್ಪು ಅನ್ನಲ್ಲ. ಆದರೆ ದೇವರು ಆಗಲೇ ಬಂದಿದ್ದಾನೆ, ಅವರು ಗಮನಿಸಿಲ್ಲ. ಯಾವ ಕಾಂಪೌಂಡ್ ಗೋಡೆ ನೋಡಿ, ನೆಲದಿಂದ ಎರಡಡಿ ಎತ್ತರದಲ್ಲಿ ತಿರುಪತಿ ತಿಮ್ಮಪ್ಪ, ಪಕ್ಕದಲ್ಲಿ ಏಸು, ಅದರ ಪಕ್ಕ ಮೆಕ್ಕಾದ ಚಿತ್ರ. ಟೈಲ್ಸ್ ರೂಪದಲ್ಲಿ ಬಿಸಿಲು ಮಳೆ ಅನ್ನದೆ ನಿಂತಿದ್ದಾರೆ. ಕೆಲಸ ಏನು? ಯಾರೂ ಮೂತ್ರ ಮಾಡದಂತೆ ಕಾಯೋದು. ಸಂಬಳ ಇಲ್ಲ, ಪಿಎಫ್ ಇಲ್ಲ. ಇಷ್ಟು ವರ್ಷದಿಂದ ಗುತ್ತಿಗೆ ಕೆಲಸ ಮಾಡುತ್ತಿರುವ ದೇವರನ್ನು ಬಂದೇ ಇಲ್ಲ ಅನ್ನುವುದು ಅನ್ಯಾಯ ಅಲ್ವಾ?

ಹಬ್ಬದ ತತ್ವ ಏನಪ್ಪಾ ಅಂದರೆ, ನಿನ್ನದು ನಿನಗೇ ವಾಪಸ್. ತತ್ವ ಒಳ್ಳೆಯದು. ನಾವೂ ಆಚರಿಸಬಹುದು ಅಂತ ಹೊಳೆಯಿತು. ರಸ್ತೆ ಮಾಡಿದವರ ಮನೆ ಮುಂದೆ ಅವರ ಗುಂಡಿಯನ್ನು ಸುರಿದು ಬರಬೇಕು. ಎರಡು ದಿನ ಯೋಚನೆ ಮಾಡಿದೆ. ತೊಂದರೆ ಏನು ಗೊತ್ತಾ? ಕಸವನ್ನು ಗಾಡಿಗೆ ತುಂಬಬಹುದು, ಗುಂಡಿಯನ್ನು ತುಂಬುವುದು ಹೇಗೆ? ಅದನ್ನು ತುಂಬಿದ ತಕ್ಷಣ ಅದು ಗುಂಡಿಯಾಗಿ ಉಳಿಯುವುದಿಲ್ಲ. ಬಹುಶಃ ಅದಕ್ಕೇ ಯಾರೂ ತುಂಬುತ್ತಿಲ್ಲ, ಸಾಕ್ಷಿ ನಾಶವಾಗುತ್ತೆ ಅಂತ.

ನಿನ್ನೆ ಬೀದಿ ಮೂಲೆಯಲ್ಲಿ, ಸ್ಕೂಟರಿನವನು ಎಸೆಯುವ ಜಾಗದಲ್ಲೇ, ಇಬ್ಬರು ಪೌರಕಾರ್ಮಿಕ ಹೆಂಗಸರು ಕಸ ಎತ್ತಿ, ನೀರು ಹಾಕಿ, ದೊಡ್ಡ ರಂಗೋಲಿ ಬಿಡುತ್ತಿದ್ದರು. ಕಸ ಬೀಳುವ ಜಾಗಕ್ಕೆ ರಂಗೋಲಿ ಹಾಕಿದರೆ ಜನ ನಾಚಿಕೊಂಡು ಎಸೆಯಲ್ಲ ಅನ್ನೋ ಲೆಕ್ಕ. ಹದಿನೈದು ಚುಕ್ಕಿಯದು, ಮಧ್ಯೆ ತಾವರೆ. ಒಬ್ಬಾಕೆ ಬಗ್ಗಿ ಕೆಂಪು ಪುಡಿ ತುಂಬುತ್ತಿದ್ದರೆ ಇನ್ನೊಬ್ಬಾಕೆ ಪೊರಕೆ ಅಡ್ಡ ಹಿಡಿದು ಗಾಡಿಗಳನ್ನು ತಡೆಯುತ್ತಿದ್ದಳು. ಬೈಕಿನವರು ಹಾರ್ನ್ ಹೊಡೆಯುತ್ತಿದ್ದರು.

ಅಜ್ಜಿ ಗೇಟಿನಲ್ಲಿ ನಿಂತು ತುಂಬ ಹೊತ್ತು ನೋಡಿದರು. ಕೈಯಲ್ಲಿ ರಂಗೋಲಿ ಡಬ್ಬಿ ಹಿಡಿದಿದ್ದರು.

"ನೋಡಪ್ಪಾ, ಕಸ ಹಾಕೋ ಜಾಗಕ್ಕೆ ರಂಗೋಲಿ ಹಾಕ್ತಿದಾರೆ. ರಂಗೋಲಿ ಹಾಕೋ ಜಾಗಕ್ಕೆ ಕಸ ಹಾಕ್ತಾರಂತೆ. ನಾನೀಗ ಬಾಗಿಲಿಗೆ ರಂಗೋಲಿ ಬಿಡ್ಲೋ, ಬೇಡ್ವೋ?"