ಎಡಗೈ ಮಷಿನ್

ಬಟ್ಟೆ ಚೀಲದ ಮೇಲೆ ಹಳೇ ಕಾಲದ ಹೊಲಿಗೆ ಮಷಿನ್ ಚಿತ್ರ ಮೂಡಿಸುವವರ ಮೊದಲ ತಪ್ಪು ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ. ಚೀಲ ಹಿಡಿದು ಶಿರಸಿ ಪೇಟೆಗೆ ಹೋದಾಗ ಟೈಲರ್‌ಗೆ ಕಾಣುತ್ತದೆ. "ಅಮ್ಮಾ, ಇದ್ರ ಚಕ್ರ ಎಂತಕ್ಕೆ ಎಡಬದಿಗೆ ಬಂತು?" ಹೊಲಿಯಲು ಕೂತವರ ಬಲಗೈಗೆ ಚಕ್ರ, ಎಡಕ್ಕೆ ಸೂಜಿ. ಇದು ಹಿಂಬದಿಯಿಂದ ಬರೆದ ಚಿತ್ರ ಎಂದು ವಾದಿಸಬಹುದು. ಮಷಿನ್ ಮೇಲಿನ ಕಂಪನಿ ಹೆಸರೂ ಉಲ್ಟಾ ಇದ್ದರೆ ವಾದ ಅಲ್ಲಿಗೆ ಮುಗಿಯಿತು.

ಕೆಲಸ ಇಷ್ಟೇ: ಹಳೇ ಪುಸ್ತಕದ ಚಿತ್ರವನ್ನು ಸ್ಕ್ಯಾನ್ ಮಾಡಿ, ಕಾಗದದ ಮೇಲೆ ಪ್ರಿಂಟ್ ತೆಗೆದು, ಬಟ್ಟೆಗೆ ಮಗುಚಿ ಅಂಟಿಸಿ, ಚಿತ್ರ ಬಟ್ಟೆಯಲ್ಲಿ ಉಳಿಯುವಂತೆ ಕಾಗದವನ್ನಷ್ಟೇ ಉಜ್ಜಿ ತೆಗೆಯುವುದು. ಮಗುಚಿ ಅಂಟಿಸುವುದರಿಂದ ಚಿತ್ರ ಎಡಬಲ ಆಗುತ್ತದೆ. ಪ್ರಿಂಟ್ ತೆಗೆಯುವ ಮೊದಲೇ ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಡಬೇಕು. ತಿರುಗಿಸಿ ಕೊಟ್ಟರೂ ಜೆರಾಕ್ಸ್ ಅಂಗಡಿಯ ಹುಡುಗ "ಉಲ್ಟಾ ಇತ್ತು ಅಕ್ಕಾ, ಸರಿ ಮಾಡಿದ್ದೇನೆ" ಎನ್ನುವುದುಂಟು. ಇಂಥ ಉಪಕಾರವನ್ನು ಬಾಯಿಬಿಟ್ಟೇ ಬೇಡ ಎನ್ನಬೇಕು. ಪ್ರಿಂಟ್ ಲೇಸರ್‌ನದೇ ಆಗಿರಲಿ. ಅದರ ಟೋನರ್ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದದ್ದು ಒದ್ದೆಯಾದೊಡನೆ ಬಹುತೇಕ ಹರಡಿ, ಮಷಿನ್ ಮೋಡವಾಗುತ್ತದೆ.

ಸ್ಕ್ಯಾನ್ ಮಾಡುವಾಗ ಲೆಕ್ಕ ಹಾಕಿ. 2 ಇಂಚಿನ ಚಿತ್ರವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ತೆಗೆದು 8 ಇಂಚಿಗೆ ಹಿಗ್ಗಿಸಿದರೆ ಉಳಿಯುವುದು 75. ಚಕ್ರದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. 1200ರಲ್ಲಿ ತೆಗೆದರೆ 300 ಉಳಿಯುತ್ತದೆ. ನಮ್ಮ ಮಳೆಗಾಲ ಕಂಡ ಪುಸ್ತಕಗಳಲ್ಲಿ ಕಂದು ಕಲೆ ಧಾರಾಳ. ಬೂದುಛಾಯೆ ಬಿಟ್ಟು ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಕಲೆ ಮಾಯ. ಎಷ್ಟು ಗಾಢವಾದದ್ದು ಕಪ್ಪು, ಎಷ್ಟು ತಿಳಿಯಾದದ್ದು ಬಿಳುಪು ಎಂಬ ಮಟ್ಟ ತಪ್ಪಿದರೆ ಮಾತ್ರ ಸಣ್ಣ ಗೆರೆಗಳೂ ಮಾಯ, ಅಥವಾ ಕಲೆಯೇ ಬಳ್ಳಿಯಾಗಿ ಮಷಿನ್ ಸುತ್ತ ಹಬ್ಬುತ್ತದೆ.

ಬಟ್ಟೆ ಹತ್ತಿಯದಿರಲಿ, ಒಮ್ಮೆ ತೊಳೆದು ಗಂಜಿ ಬಿಡಿಸಿರಲಿ. ಗಂಜಿಯ ಮೇಲೆ ಕೂತ ಚಿತ್ರ ಗಂಜಿಯ ಜೊತೆಗೇ ಹೊರಡುತ್ತದೆ. ಮರಕ್ಕೆ ಹಚ್ಚುವ ಬಿಳಿ ಗೋಂದು ಸಾಕು ಎನ್ನುವವರ ಚೀಲ ಮೊದಲ ಮಳೆಗೇ ಮೆತ್ತಗಾಗಿ ಸಿಪ್ಪೆ ಏಳುತ್ತದೆ. ಬಟ್ಟೆಗೆಂದೇ ಸಿಗುವ ಅಕ್ರಿಲಿಕ್ ಮೀಡಿಯಂ ಎಂಬ ಅಂಟುದ್ರವ ತಂದು, ಗೆರೆಗಳು ಮಸುಕಾಗುವಷ್ಟು ದಪ್ಪಗೆ ಪ್ರಿಂಟ್ ಮೇಲೆ ಬಳಿದು, ಮಗುಚಿ ಒತ್ತಿ, ಗಾಳಿಗುಳ್ಳೆಗಳನ್ನು ಅಂಚಿಗೆ ನೂಕಿ. ಬೇಸಿಗೆಯಲ್ಲಿ 24 ಗಂಟೆ ಒಣಗಬೇಕು. ಆಷಾಢದಲ್ಲಿ 48 ಗಂಟೆಯಾದರೂ ಮುಟ್ಟಿ ನೋಡದೆ ನಂಬಬೇಡಿ. ಬಚ್ಚಲ ಹಂಡೆ ಒಲೆಯ ಮೇಲೆ ತೂಗುಹಾಕುವ ಉಪಾಯವೂ ಇದೆ. ಬೇಗ ಒಣಗುತ್ತದೆ, ಚೀಲದಲ್ಲಿ ಏನಿಟ್ಟರೂ ಹೊಗೆ ವಾಸನೆ ಮಾತ್ರ ಉಚಿತ.

ಒಣಗಿದ ಮೇಲೆ ಕಾಗದವನ್ನು ನೀರಲ್ಲಿ ನೆನೆಸಿ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಆರಿದಾಗ ಮತ್ತೆ ಬೆಳ್ಳಗೆ ಕಾಣುತ್ತದೆ, ಮತ್ತೆ ಒದ್ದೆ ಮಾಡಿ, ಮತ್ತೆ ಉಜ್ಜಿ. ಹೆಚ್ಚಿನವರು ಎರಡನೇ ಸಲಕ್ಕೇ ತಾಳ್ಮೆಗೆಟ್ಟು ಪಾತ್ರೆ ತಿಕ್ಕುವ ನಾರು ಹಿಡಿಯುತ್ತಾರೆ. ಆಗ ಮೊದಲು ಹೋಗುವುದು ಅತಿ ತೆಳು ಗೆರೆಗಳು, ಅಂದರೆ ದಾರ ಮತ್ತು ಸೂಜಿ. ಉಳಿದದ್ದು ಸೂಜಿಯಿಲ್ಲದ ಹೊಲಿಗೆ ಮಷಿನ್.

ಮಾರಿಕಾಂಬಾ ಜಾತ್ರೆಯಲ್ಲಿ ಮಾರುವ ಆಸೆಯಿದ್ದರೆ ಒಂದು ಮಾತು. ಭಾರತದಲ್ಲಿ ಚಿತ್ರದ ಹಕ್ಕು ಬರೆದವರು ತೀರಿಕೊಂಡು 60 ವರ್ಷದ ತನಕ ಇರುತ್ತದೆ. ಅದು ಮುಗಿದಿದ್ದರೂ ಕಂಪನಿಯ ಹೆಸರು ಇನ್ನೂ ಟ್ರೇಡ್‌ಮಾರ್ಕ್ ಆಗಿರಬಹುದು. ಹೆಸರು ಅಳಿಸಿಯೇ ಅಚ್ಚು ಹಾಕಿ.

ಹೋದ ಸೂಜಿಯನ್ನು ಕಸೂತಿಯಲ್ಲಿ ಮರಳಿ ತರಬಹುದು. ಆರು ಎಳೆಯ ಕಸೂತಿ ದಾರದಿಂದ ಒಂದೇ ಎಳೆ ಬಿಡಿಸಿ, ಕಪ್ಪು ಬಣ್ಣದಲ್ಲಿ, ಸಣ್ಣ ಬ್ಯಾಕ್ ಸ್ಟಿಚ್ (ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಸಾಗುವ ಹೊಲಿಗೆ) ಹಾಕಿ. ಕೈಸೂಜಿಯ ರೂಢಿಯಲ್ಲಿ ದಾರ ಪೋಣಿಸುವ ತೂತನ್ನು ಮೇಲ್ಗಡೆ ಹೊಲಿಯಬೇಡಿ. ಮಷಿನ್ ಸೂಜಿಗೆ ತೂತು ಇರುವುದು ಕೆಳಗೆ, ಮೊನೆಯ ಹತ್ತಿರ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಷಿನ್‌ನಲ್ಲೂ ಹಾಗೇ ಇತ್ತು. ಆ ಟೈಲರ್ ಚಕ್ರ ನೋಡಿ ಸುಮ್ಮನಾದ ಮೇಲೆ ನೋಡುವುದು ಅಲ್ಲಿಗೇ.