ನಾಲ್ಕೂವರೆ ಅಡಿ ಬಚ್ಚಲು, ಮನೆ ತುಂಬ ಇಂಜಿನಿಯರು

ನಮ್ಮ ಮಾವ ಮೈಸೂರಿನಲ್ಲಿ ಮನೆ ಕಟ್ಟಿಸಿದ ಕಾಲಕ್ಕೆ ಬಚ್ಚಲಿಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಲು, ರೂಮು, ಅಡುಗೆಮನೆ, ದೇವರಮನೆ ಎಲ್ಲಾ ಆಗಿ ಮೂಲೆಯಲ್ಲಿ ಏನು ಮಿಕ್ಕುತ್ತೋ ಅದೇ ಬಚ್ಚಲು. ನಮಗೆ ಮಿಕ್ಕಿದ್ದು 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅದರಲ್ಲೇ ಹಂಡೆ, ಹಂಡೆಯ ಕೆಳಗೆ ಒಲೆ, ಬಟ್ಟೆ ಒಗೆಯುವ ಕಲ್ಲು. ಕಕ್ಕಸು ಹಿತ್ತಲಲ್ಲಿ. ಮಾವನ ಮಂಡಿ ಗಟ್ಟಿಯಿರುವ ತನಕ ಇದೆಲ್ಲ ಚೆನ್ನಾಗಿಯೇ ನಡೆಯಿತು. ಮಂಡಿ ನೋವು ಶುರುವಾಗಿ, ಮಳೆಗಾಲದ ರಾತ್ರಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಟಾರ್ಚು ಹಿಡಿದು ಹಿತ್ತಲಿಗೆ ಹೋಗುವುದು ಕಷ್ಟವಾದಾಗ, ಇನ್ನು ಕಮೋಡು ಒಳಗೆ ಬರಲೇಬೇಕು ಅಂತ ತೀರ್ಮಾನವಾಯಿತು.

ತೀರ್ಮಾನ ಆದದ್ದು ಅಷ್ಟೇ. ಎಲ್ಲಿ ಅನ್ನುವ ಮಾತು ಬಂದಾಗ ಎಲ್ಲರೂ ಇಂಜಿನಿಯರುಗಳಾದರು.

ಬಚ್ಚಲಿನ ಒಂದು ಗೋಡೆಯ ಆಚೆ ದೇವರಮನೆ. "ಆ ಗೋಡೆಗೆ ಕಮೋಡು ತಾಗಿಸಿದ್ರೆ ನಾನು ಕಾಶಿಗೆ ಹೋಗ್ತೀನಿ" ಅಂದರು ಅತ್ತೆ. ಬಾಗಿಲು ತೆಗೆದ ತಕ್ಷಣ ಅದೇ ಕಾಣುವುದು ಬೇಡ ಅಂದೆ ನಾನು. ಯಾಕೆಂದರೆ ಬಾಗಿಲಿನ ಎದುರಿಗೇ ಊಟದ ಟೇಬಲ್ಲು. ಇವರು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಗೋಡೆಗೆ ನೇತುಹಾಕುವ ಕಮೋಡೇ ಬೇಕು ಅಂತ ಹಟ ಹಿಡಿದರು. ಅದರ ಟ್ಯಾಂಕು ಗೋಡೆಯೊಳಗೆ ಅಡಗಬೇಕು. ಕೆಟ್ಟರೆ ಯಾರನ್ನು ಕರೆಯುವುದು ಅಂದರೆ "ಕೆಡಲ್ಲ" ಅನ್ನುತ್ತಿದ್ದರು. ಮಗನಿಗೆ ಹೋಟೆಲಿನಲ್ಲಿ ಕಂಡಂಥ ಗಾಜಿನ ಗೋಡೆಯ ಶವರ್. ನಮ್ಮ ಬೋರ್ ನೀರಿಗೆ ನಲ್ಲಿಗಳೇ ಉಪ್ಪು ಹಿಡಿದು ಬೆಳ್ಳಗಾಗುತ್ತವೆ, ಆ ಗಾಜನ್ನು ದಿನಾ ಉಜ್ಜುವವರು ಯಾರು ಅಂದರೆ ಸುಮ್ನೆ ಅಜ್ಜಿಯ ಕಡೆ ನೋಡಿದ. ಅಜ್ಜಿಗೆ ಬೇರೆಯೇ ಚಿಂತೆ. ಹಂಡೆ ಇರಲೇಬೇಕು. "ನೀರು ತುಂಬುವ ಹಬ್ಬಕ್ಕೆ ಗೀಸರಿಗೆ ಸುಣ್ಣ, ಕೆಮ್ಮಣ್ಣು ಬಳಿಯೋಕಾಗುತ್ತಾ?" ನ್ಯಾಯವಾದ ಪ್ರಶ್ನೆಯೇ.

ಇಷ್ಟೆಲ್ಲ ಯಾರಿಗೋಸ್ಕರ ನಡೆಯುತ್ತಿತ್ತೋ ಆ ಮಾವ ಮಾತ್ರ, "ಏಳುವಾಗ ಹಿಡ್ಕೊಳ್ಳೋಕೆ ಏನಾದ್ರೂ ಒಂದಿರಲಿ" ಅಂದು ಪೇಪರು ಬಿಡಿಸಿದರು.

ಕಾಗದದ ಮೇಲೆ ಎಲ್ಲವೂ ಹಿಡಿಸುತ್ತಿತ್ತು. ಇವರು ಒಂದು ಸ್ನಾನದ ತೊಟ್ಟಿಯನ್ನೂ ಬರೆದಿಟ್ಟಿದ್ದರು. ಕೊನೆಗೆ ನಾನು ರಂಗೋಲಿ ಡಬ್ಬಿ ತಂದು ಹಿತ್ತಲಿನ ಸಿಮೆಂಟ್ ನೆಲದ ಮೇಲೆ ಬಚ್ಚಲನ್ನು ಅದರ ಅಳತೆಗೇ ಬರೆದೆ. ನಾಲ್ಕೂ ಕಡೆ ಒಂದೊಂದು ಇಂಚು ಒಳಗೇ ಗೆರೆ ಎಳೆದೆ. ಗಾರೆ, ಗಮ್ಮು, ಟೈಲ್ಸು ಸೇರಿ ಅಷ್ಟು ಜಾಗ ತಿಂದೇ ತಿನ್ನುತ್ತವೆ. ಬರೀ ಇಟ್ಟಿಗೆ ಗೋಡೆ ಅಳೆದು ಕಮೋಡು ಕೊಂಡವರು ಆಮೇಲೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ಕಮೋಡಿನ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ನಡುವಿನಿಂದ ಪಕ್ಕದ ಗೋಡೆಗೆ 15 ಇಂಚಾದರೂ ಇರಬೇಕು, ಇಲ್ಲದಿದ್ದರೆ ಮೊಣಕೈ ತಾಗುತ್ತೆ. ಮುಂದೆ ಕಾಲಿಡಲು ಎರಡಡಿ. ಬಕೆಟ್ಟು, ಹಂಡೆ, ಮಣೆ ಎಲ್ಲ ಅಸಲಿಯೇ. ಮಗ ಒಂದು ದೊಡ್ಡ ರಟ್ಟು ಹಿಡಿದು ಬಾಗಿಲಾದ.

ಬಾಗಿಲು ಒಳಗೆ ತೆರೆದುಕೊಂಡಿತು. ಸೀದಾ ಮಾವನ ಮಂಡಿಗೆ. ಅಲ್ಲಿಗೆ ಬಾಗಿಲು ಹೊರಗೆ ತೆರೆಯಬೇಕು ಅನ್ನುವುದು ಒಂದೇ ನಿಮಿಷದಲ್ಲಿ ಇತ್ಯರ್ಥವಾಯಿತು. ವಯಸ್ಸಾದವರು ಒಳಗೆ ಜಾರಿ ಬಿದ್ದರೆ, ಒಳಗೆ ತೆರೆಯುವ ಬಾಗಿಲಿಗೆ ಅವರೇ ಅಡ್ಡವಾಗಿರುತ್ತಾರೆ. ತಳ್ಳುವುದು ಹೇಗೆ? ಶವರ್ ಉಳಿಯಿತು, ಗಾಜಿನ ಗೋಡೆ ಹೋಯಿತು. ನೇತಾಡುವ ಕಮೋಡಿಗೆ ಗೋಡೆ ಮುಂದೆ ಬರಬೇಕು, ಬಂದರೆ ಎರಡಡಿ ಉಳಿಯಲ್ಲ ಅಂತ ಇವರೇ ಟೇಪು ಹಿಡಿದು ಕಂಡುಕೊಂಡು ಸಪ್ಪಗಾದರು. ಬಟ್ಟೆ ಒಗೆಯುವ ಕಲ್ಲು, ಒಲೆ ಎರಡೂ ಹಿತ್ತಲಿಗೆ. ಹಂಡೆ ಮಾತ್ರ ಮೂಲೆಯಲ್ಲಿ ಉಳಿಯಿತು.

ಇಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವರಿಗೆ ಕಂಡದ್ದು ಇಷ್ಟು: ಚೌಕದ ರಂಗೋಲಿ, ನಡುವೆ ಕುರ್ಚಿಯಲ್ಲಿ ಮಾವ, ಪಕ್ಕದಲ್ಲಿ ಹಂಡೆ, ಚೊಂಬು ಹಿಡಿದು ನಿಂತ ಅತ್ತೆ. ಕೈಮುಗಿದು, "ಭೀಮರಥ ಶಾಂತಿನಾ? ನಮಗೆ ಒಂದು ಮಾತೂ ಹೇಳಲಿಲ್ವಲ್ರೀ" ಅಂದರು. ಮಾವ ಕೂತಲ್ಲಿಂದಲೇ "ಬನ್ನಿ ಬನ್ನಿ, ನೀವೂ ಒಂದ್ಸಲ ಕೂತು ನೋಡಿ" ಅಂದರು.

ಹಳೇ ನೆಲ ಅಗೆದಾಗ ದೇವರಮನೆಯ ಬಣ್ಣ ಪ್ರತಿ ವರ್ಷ ಯಾಕೆ ಉದುರುತ್ತಿತ್ತು ಅನ್ನುವುದು ಗೊತ್ತಾಯಿತು. ಬಚ್ಚಲ ನೀರು ಸಂದಿಯಲ್ಲಿ ಇಳಿದು ಗೋಡೆಯ ಬುಡಕ್ಕೆ ಸೇರುತ್ತಿತ್ತು. ಅತ್ತೆ ಇಷ್ಟು ವರ್ಷ ಪೇಂಟಿನವನನ್ನು ಬೈದದ್ದೆಲ್ಲ ದಂಡ. ಸರಿ, ವಾಟರ್‌ಪ್ರೂಫಿಂಗ್ ಮಾಡಿಸಿದೆವು. ನೆಲಕ್ಕೂ ಗೋಡೆಯ ಬುಡಕ್ಕೂ ಬಳಿದು, ಒಣಗಿದ ಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿ, "24 ಗಂಟೆ ಯಾರೂ ಮುಟ್ಟಬೇಡಿ ಮೇಡಂ, ಗೆರೆ ಇಳೀಬಾರದು" ಅಂತ ಮೇಸ್ತ್ರಿ ಹೋದರು.

ಮಾರನೇ ದಿನ ಗೆರೆ ಅಲ್ಲೇ ಇತ್ತು. ನೀರು ಇರಲಿಲ್ಲ. ಒಂದು ತೊಟ್ಟೂ ಇಲ್ಲ.

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ನೆಲವನ್ನು ಬೆರಳಲ್ಲಿ ತಟ್ಟಿದರು. ಅಂಗಡಿಗೆ ಫೋನು ಹೋಯಿತು. ಅಂಗಡಿಯವರು ಮೇಸ್ತ್ರಿಯದೇ ತಪ್ಪು ಅಂದರು, ಮೇಸ್ತ್ರಿ ಮಾಲು ಸರಿಯಿಲ್ಲ ಅಂದರು. ಇವರು ಆಫೀಸಿಗೆ ರಜಾ ಹಾಕಿ ಬಂದರು. ಅತ್ತೆ ದೇವರಮನೆ ಗೋಡೆಗೆ ಕಿವಿ ಕೊಟ್ಟು ನಿಂತರು. ಅಷ್ಟು ನೀರು ಎಲ್ಲಿಗೆ ಹೋಯಿತು, ಅಡಿಪಾಯಕ್ಕೇನಾಯಿತು ಅಂತ ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವಾಗ ಕೆಲಸದಾಕೆ ಬಂದಳು.

"ಅಯ್ಯೋ, ಅದಾ? ನಿನ್ನೆ ಸಾಯಂಕಾಲ ನೋಡ್ದೆ ಅಕ್ಕಾ, ನೀರು ಕಟ್ಕೊಂಡಿತ್ತು. ಯಾರೋ ತೂತೊಳಗೆ ಬಟ್ಟೆ ಬಿಟ್ಟುಬಿಟ್ಟಿದ್ರು. ಕೈಹಾಕಿ ತೆಗ್ದೆ. ಒಗೆದೂ ಹಾಕಿದೀನಿ ನೋಡಿ."

ಹಿತ್ತಲಿನ ತಂತಿಯ ಮೇಲೆ ಆ ಬಟ್ಟೆ ಎರಡು ಕ್ಲಿಪ್ಪು ಹಾಕಿಸಿಕೊಂಡು ಒಣಗುತ್ತಿತ್ತು. ಮೇಸ್ತ್ರಿ ಅದನ್ನು ಕಿತ್ತು ತಂದು ಮತ್ತೆ ತುರುಕಿದರು. ಈ ಸಲ ಬಾಗಿಲಿಗೆ ಬೀಗ.

ಟೈಲ್ಸಿನ ಮೇಸ್ತ್ರಿ ಬೇರೆಯವರು. ಮಗ ಆರಿಸಿದ ದೊಡ್ಡ, ಮಿರುಗುವ ಟೈಲ್ಸನ್ನು ನೋಡಿ, ನೆಲಕ್ಕೆ ಇದು ಬೇಡ, ಒಂದಡಿಯ ತರಿತರಿ ಟೈಲ್ಸ್ ತನ್ನಿ, ಜಾರಲ್ಲ, ಇಳಿಜಾರೂ ಚೆನ್ನಾಗಿ ಕೂರುತ್ತೆ ಅಂದರು. ಅಲ್ಲಿಯವರೆಗೆ ಅವರ ಬಗ್ಗೆ ನನಗೆ ಗೌರವವೇ ಇತ್ತು. ಅಡಿಗೆ ಕಾಲಿಂಚಿನಂತೆ ತೂತಿನ ಕಡೆ ಇಳಿಜಾರು ಕೊಡುವ ಮಾತಾಗಿತ್ತು. ರಸಮಟ್ಟ ಇಟ್ಟು ಇಟ್ಟು ನೋಡಿದರು. ಎಲ್ಲ ಮುಗಿದ ಮೇಲೆ ಅತ್ತೆ ಒಂದು ಚೊಂಬು ನೀರು ಹೊಯ್ದರು. ನೀರು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಊಟದ ಟೇಬಲ್ಲಿನ ಕಡೆ ಹೊರಟಿತು.

"ಹೊಸ ನೆಲ ಅಲ್ವಾ ಅಮ್ಮಾ, ಬರ್ತಾ ಬರ್ತಾ ಸರಿಹೋಗುತ್ತೆ" ಅಂದರು ಮೇಸ್ತ್ರಿ.

ಅತ್ತೆ ಎರಡನೇ ಚೊಂಬು ಹೊಯ್ದರು. ಬಾಗಿಲ ಕಡೆಯ ಎರಡು ಸಾಲು ಟೈಲ್ಸ್ ಕಿತ್ತು ಮತ್ತೆ ಕೂರಿಸಿದ್ದಾಯಿತು. ಜೊತೆಗೆ ಗ್ರಾನೈಟಿನ ಒಂದು ಸಣ್ಣ ಹೊಸ್ತಿಲನ್ನೂ ಇಡಿಸಿದೆ. ಮೇಸ್ತ್ರಿಗಳ ಮಾತನ್ನು ನಂಬಬಾರದು ಅಂತಲ್ಲ, ಆದರೆ ದುಡ್ಡು ಪೂರ್ತಿ ಕೊಡುವ ಮುಂಚೆ ಚೊಂಬು ತರಿಸಬೇಕು.

ಮಾವನ ಹಿಡಿಕೆ? ಹಾಕಿಸಿದೆವು. ದಪ್ಪ ಸ್ಟೀಲಿನದು, ಇಟ್ಟಿಗೆಯೊಳಗೆ ಆಳವಾಗಿ ಬೋಲ್ಟು ಹಾಕಿದ್ದು. ಅಷ್ಟು ಗಟ್ಟಿಯಾದದ್ದು ಮನೆಯಲ್ಲಿ ಬೇರೆ ಏನೂ ಇಲ್ಲದ್ದರಿಂದ ಎಲ್ಲರೂ ಒದ್ದೆ ಟವೆಲ್ಲು ಅದರ ಮೇಲೇ ಹಾಕತೊಡಗಿದರು. ಮಾವ ಏಳಲು ಪಕ್ಕದ ಟವೆಲ್ ರಾಡು ಹಿಡಿದರು. ರಾಡು ಕೈಗೇ ಬಂತು. ಪುಣ್ಯಕ್ಕೆ ಅವರು ವಾಪಸ್ಸು ಕಮೋಡಿನ ಮೇಲೇ ಕೂತರು. ಈಗ ಟವೆಲ್ಲುಗಳಿಗೆ ಬಾಗಿಲ ಹಿಂದೆ ಮೊಳೆ.

ಮೊನ್ನೆ ಭಾನುವಾರ ಟೈಲ್ಸಿನ ಮೇಸ್ತ್ರಿ ಯಾರೋ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದರು. "ನಮ್ದೇ ಕೆಲ್ಸ, ತೋರಿಸೋಣ ಅಂತ." ಮಾವ ಒಳಗೆ ಸ್ನಾನಕ್ಕೆ ಕೂತಿದ್ದರು. ಆಮೇಲೆ ಬನ್ನಿ ಅನ್ನುವಷ್ಟರಲ್ಲಿ ಒಳಗಿನಿಂದಲೇ ಮಾವ, "ಇರ್ಲಿ, ಕೇಳ್ಲಿ ಬಿಡಮ್ಮಾ, ಹೇಳ್ತೀನಿ" ಅಂದರು.

"ಗೀಸರ್ ಎಲ್ಲಿಟ್ಟಿದೀರಾ ಸಾರ್?"

"ಕಿಟಕಿ ಪಕ್ಕ, 15 ಲೀಟರಿಂದು. ಸ್ವಿಚ್ಚು ಹೊರಗಡೆ, ನಿಮ್ಮ ಬಲಗಡೆ. ದಯವಿಟ್ಟು ಆರಿಸಬೇಡಿ!"

ಬಂದ ಹೆಂಗಸು ಚುರುಕು. "ಇಳಿಜಾರು ಹೇಗಿದೆ?" ಅಂದರು.

ಒಳಗೆ ಚೊಂಬು ದಬದಬ ಸುರಿಯಿತು. "ಈಗ ಹೊಯ್ದೆ! ಬಾಗಿಲ ಹತ್ರ ಬಂತೇನ್ರೀ?"

ಮೇಸ್ತ್ರಿ ಮಂಡಿಯೂರಿ, ಕೆನ್ನೆ ನೆಲಕ್ಕೆ ಒತ್ತಿ, ಬಾಗಿಲ ಸಂದಿಯಲ್ಲಿ ನೋಡಿ ಕೂಗಿದರು.

"ಬರ್ಲಿಲ್ಲ ಸಾರ್!"