ನಿರ್ವಾಹಕರನ್ನು ಸಂಪರ್ಕಿಸಿ

ಸೋಮವಾರ ಶಿವಮೊಗ್ಗದಲ್ಲಿ ಕಂತು ಕಟ್ಟುವ ಕೌಂಟರಿನ ಮುಂದಿನ ಸಾಲಿನಲ್ಲಿ ನಾನೂ ಇದ್ದೆ. ಶನಿವಾರ ರಾತ್ರಿ ಕಂಪ್ಯೂಟರಿನೊಳಗೆ ಏನನ್ನೋ ಮೇಲ್ದರ್ಜೆಗೆ ಏರಿಸಿದರಂತೆ. ಸೋಮವಾರ ಬೆಳಿಗ್ಗೆ ಕೌಂಟರಿನಲ್ಲಿದ್ದ ಹುಡುಗಿ ಪರದೆಯನ್ನೇ ನಮ್ಮ ಕಡೆಗೆ ತಿರುಗಿಸಿದಳು: 'ಗುರುತಿಸಲಾಗದ ಸಿಸ್ಟಂ ದೋಷ. ನಿರ್ವಾಹಕರನ್ನು ಸಂಪರ್ಕಿಸಿ.'

ನನ್ನ ಹಿಂದಿದ್ದ ಹೊಸನಗರದ ಹಿರಿಯರು, 'ನಿರ್ವಾಹಕರು ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಾರಲ್ಲ' ಎಂದರು. ತಮಾಷೆಗಲ್ಲ. ಜೀವಮಾನವಿಡೀ ಅವರು ಆ ಪದವನ್ನು ಓದಿದ್ದು ಬಸ್ಸಿನೊಳಗೆ ಮಾತ್ರ. ಯೋಚಿಸಿದರೆ ಅವರದೇ ಸರಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಲ್ಲಿ ಮರ ಬಿದ್ದರೂ, ಯಾವ ತಿರುವಿನಲ್ಲಿ ಬಿತ್ತು, ಗರಗಸ ಬರುವುದು ಎಷ್ಟು ಹೊತ್ತಿಗೆ ಎಂದು ಆ ನಿರ್ವಾಹಕರು ಹೇಳುತ್ತಾರೆ. 'ಗುರುತಿಸಲಾಗದ ಅಡಚಣೆ' ಎಂದು ಹೇಳಿ ಸೀಟಿ ಊದುವುದಿಲ್ಲ.

ತೀರ್ಥಹಳ್ಳಿಯಲ್ಲಿ ಕೂತು ಬೆಂಗಳೂರಿನ ತಂತ್ರಾಂಶದ ಕೆಲಸ ಮಾಡುವ ಅಣ್ಣನ ಮಗನನ್ನು ಕೇಳಿದೆ. ಅವನ ಕಸುಬಿನಲ್ಲೂ ಒಂದು 'ಟ್ರಾನ್ಸ್‌ಪೋರ್ಟ್' ಇದೆ. ಬರೆದ ಬದಲಾವಣೆಯನ್ನು ಮೊದಲು ಪರೀಕ್ಷೆಯ ವ್ಯವಸ್ಥೆಗೆ, ಅಲ್ಲಿ ಪಾಸಾದರೆ ಜನ ಬಳಸುವ ವ್ಯವಸ್ಥೆಗೆ ಸಾಗಿಸುವುದು. ಎಸ್‌ಎಪಿ ಎಂಬ ಜರ್ಮನ್ ತಂತ್ರಾಂಶದಲ್ಲಿ ಇದನ್ನು ಹೊತ್ತು ಸಾಗಿಸುವುದು 'ಟಿಪಿ' ಎಂಬ ಪ್ರೋಗ್ರಾಂ. ಸಾಗಿಸಿದ ಮೇಲೆ ಅದು ಒಂದು ಅಂಕಿ ಕೊಡುತ್ತದೆ: 0 ಎಂದರೆ ಸುಖ, 4 ಎಂದರೆ ಎಚ್ಚರಿಕೆ, 8 ಎಂದರೆ ಸರಕಿನಲ್ಲಿ ಏನೋ ಸರಿಯಿಲ್ಲ, 12 ಎಂದರೆ ದೊಡ್ಡ ಎಡವಟ್ಟು. 200 ದಾಟಿದರೆ ಸ್ವತಃ ಟಿಪಿಯೇ ಎಡವಿದೆ ಎಂದರ್ಥ. ಇಷ್ಟು ಮರ್ಯಾದೆ ನಮ್ಮ ಕೌಂಟರಿಗಿಲ್ಲ.

'ಸರಕಿಗೆ ಎರಡು ಕಡತ, ಚಿಕ್ಕಪ್ಪ' ಎಂದ. 'ಕೆ ಅಕ್ಷರದ್ದು ಚೀಟಿ, ಆರ್ ಅಕ್ಷರದ್ದು ಸರಕು.' ಅಡಿಕೆ ಮಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಟಿ ಬಂದು ಮೂಟೆ ಬಾರದಿದ್ದರೆ ಅಲ್ಲಿ ಯಾರೂ ಪರದೆ ನೋಡುತ್ತಾ ಕೂರುವುದಿಲ್ಲ, ಲಾರಿಯ ಡ್ರೈವರಿಗೆ ಫೋನ್ ಹಚ್ಚುತ್ತಾರೆ. ಅಣ್ಣನ ಮಗ ನೋಡಿರುವ 'ಗುರುತಿಸಲಾಗದ' ದೋಷಗಳಲ್ಲಿ ಬಹುಪಾಲು ಇಂಥವೇ ಅಂತೆ: ಒಂದು ಕಡತವನ್ನು ನಕಲು ಮಾಡಲು ಮರೆತಿರುತ್ತಾರೆ, ಫೋಲ್ಡರನ್ನು ತೆರೆಯುವ ಅನುಮತಿ ಬೇರೆಯವರ ಹೆಸರಿನಲ್ಲಿರುತ್ತದೆ, ಡಿಸ್ಕಿನಲ್ಲಿ ಜಾಗ ಮುಗಿದಿರುತ್ತದೆ. ನಡೆದದ್ದನ್ನೆಲ್ಲ ಯಂತ್ರವೇ ಬರೆದಿಡುವ ಲಾಗ್ ಕಡತದಲ್ಲಿ ಎಲ್ಲವೂ ಸಾಲುಸಾಲಾಗಿ ಇರುತ್ತದೆ.

ನಮ್ಮ ಕಡೆ ದನ ಹಾಲು ಕೊಡದಿದ್ದರೆ ನಿಮಿತ್ತ ನೋಡುವವನನ್ನು ಕೇಳುತ್ತಿದ್ದರು. ದೇವತೆ ಚೌಡಿಗೆ ಸಿಟ್ಟು ಬಂದಿದೆ, ತೋಟದ ಮೂಲೆಯ ಹಲಸಿನ ಬುಡದಲ್ಲಿ ಕಾಯಿ ಒಡೆಯಿರಿ ಎನ್ನುತ್ತಿದ್ದ. ಸುಳ್ಳೇ ಇರಬಹುದು, ಆದರೆ ಯಾರು, ಎಲ್ಲಿ, ಏನು ಮಾಡಬೇಕು ಎಂಬ ಮೂರಕ್ಕೂ ಉತ್ತರ ಸಿಗುತ್ತಿತ್ತು. ಕೋಟಿ ಸುರಿದು ತಂದ ಯಂತ್ರ ನಿಮಿತ್ತದವನಿಗಿಂತ ವಿನಯವಂತ. ನನಗೇನೂ ತಿಳಿಯದು ಎಂದು ದಪ್ಪಕ್ಷರದಲ್ಲೇ ಒಪ್ಪಿಕೊಳ್ಳುತ್ತದೆ. ಇಂಥ ನಿಗರ್ವಿಯನ್ನು ಮೆಚ್ಚದೆ ಇರುವುದು ಹೇಗೆ?

ಮೆಚ್ಚಲು ಆಗುವುದಿಲ್ಲ. ಆ ಹಿರಿಯರು ಮೊದಲ ಬಸ್ಸಿಗೆ ಹೊರಟವರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆ ಬಿಟ್ಟ ಒಂದೇ ಒಂದು ದಿನ ಸಿಕ್ಕಿತ್ತು, ಅದನ್ನು ಇಲ್ಲಿ ಬೆಂಚಿನ ಮೇಲೆ ಕಳೆದರು. ಶನಿವಾರ ರಾತ್ರಿ ಲಾಗ್ ತೆರೆದು ಓದಲು ಯಾರಿಗೋ ಹತ್ತು ನಿಮಿಷ ಬೇಸರವಾಯಿತು, ಅಷ್ಟೇ ಆದದ್ದು. ಆ ಬೇಸರಕ್ಕೆ ದಂಡವಿಲ್ಲ. ಇವರ ಕಂತು ಒಂದು ದಿನ ತಡವಾದರೆ ದಂಡವಿದೆ, ಮತ್ತು ಆ ಲೆಕ್ಕ ಹಾಕುವಾಗ ಯಂತ್ರಕ್ಕೆ ಒಂದು ದೋಷವೂ ಬರುವುದಿಲ್ಲ.

ಹನ್ನೆರಡರ ಹೊತ್ತಿಗೆ ಹುಡುಗಿ ಪಾಪ, ಚೀಟಿಯಲ್ಲಿ ನಿರ್ವಾಹಕರ ನಂಬರ್ ಬರೆದುಕೊಟ್ಟಳು. ನನ್ನ ಮೊಬೈಲಿನಿಂದಲೇ ಕರೆ ಮಾಡಿ ಹಿರಿಯರ ಕಿವಿಗೆ ಹಿಡಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬುದನ್ನು ಅವರು ಎರಡು ಭಾಷೆಯಲ್ಲೂ ಪೂರ್ತಿ ಕೇಳಿಸಿಕೊಂಡು ಮೊಬೈಲ್ ವಾಪಸ್ ಕೊಟ್ಟರು.

'ಘಾಟಿ ಇಳಿಯುತ್ತಿರಬೇಕು' ಎಂದರು.